ದೂರಮೃಗದರ್ಶನ ಶಾಸ್ತ್ರಕ್ಕೊಂದು ಹಚ್ಚೊಳ್ಳಿ ಭಾಷ್ಯ

ಮೃಗಯಾಶಾಸ್ತ್ರದ ಮಹಾ ಅನಾಹುತಗಳಿಗೆಲ್ಲ ದುರ್ಬೀನಿನ ಅಭಾವವೇ ಮೂಲ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪಾಂಡುವಿನ ಕೈಯಲ್ಲೊಂದು ಇದ್ದಿದ್ದರೆ ಆ ಜಿಂಕೆಯ ಕೊರಳಲ್ಲಿ ರುದ್ರಾಕ್ಷಿ ಕಾಣುತ್ತಿತ್ತು, ಕಿಂದಮ ಋಷಿ ಉಳಿಯುತ್ತಿದ್ದ, ಮಹಾಭಾರತ ಆದಿಪರ್ವಕ್ಕೇ ಮುಗಿಯುತ್ತಿತ್ತು. ದಶರಥ ಕಿವಿಯಿಂದ ಗುರಿಯಿಟ್ಟವನು. ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬಾರ. ಮಾನಸೋಲ್ಲಾಸದಲ್ಲಿ ಬೇಟೆಯ ಬಗೆಗಳನ್ನು ವಿಸ್ತಾರವಾಗಿ ಹೇಳಿದ ಚಾಲುಕ್ಯರ ಮೂರನೆಯ ಸೋಮೇಶ್ವರನೂ ಮಸೂರದ ವಿಷಯದಲ್ಲಿ ಮೌನಿ. 1609ರಲ್ಲಿ ಗೆಲಿಲಿಯೊ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿದನಷ್ಟೆ. ಅಲ್ಲೊಂದು ಜಿಂಕೆ ಇದೆಯೆಂಬ ನಮ್ಮ ಕವಿಸಮಯ ಅವನಿಗೆ ತಿಳಿದಿತ್ತೋ ಏನೋ, ಕಂಡದ್ದು ಮಾತ್ರ ಗುಡ್ಡ, ಕುಳಿ.

ಪ್ರಯೋಗಭೂಮಿ, ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ ಸೀಮೆಯಲ್ಲಿ ಕಾಲುವೆ ನೀರು ಮುಟ್ಟದ ಎರೆ ಹೊಲ. ಸಾಧನ, 8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ ದುರ್ಬೀನು. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ದಕ್ಕುವ ಬೆಳಕಿನ ಕಿಂಡಿ 5.25 ಮಿ.ಮೀ.; ಚಿಗರಿ, ಅಂದರೆ ಕೃಷ್ಣಮೃಗ, ಮೇಯುವ ನಸುಕಿನಲ್ಲಿ ಇದು ಮಹೋಪಕಾರಿ. ಮಧ್ಯಾಹ್ನ ಮಾತ್ರ ಎರೆಯ ಕಾವಿಗೆ ಏಳುವ ಬಿಸಿಲ್ಗುದುರೆಯೂ 8 ಪಟ್ಟು, ಕೈನಡುಕವೂ 8 ಪಟ್ಟು. ಇನ್ನೂ ದುಬಾರಿ ದುರ್ಬೀನು ಕೊಂಡು 12 ಪಟ್ಟು ಹಿಗ್ಗಿಸುವ ವಿದ್ವಾಂಸರಿಗೆ ಚಿಗರಿ ಭರತನಾಟ್ಯ ಆಡುತ್ತಿರುವಂತೆ ಕಾಣುವುದು ಇದರಿಂದಲೇ.

ಇನ್ನು ಲಕ್ಷಣ. ಗಂಡಿಗೆ ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು. ಕರಿ ಮಣ್ಣಲ್ಲಿ ಬೆನ್ನು ಕರಗಿ ಹೊಟ್ಟೆಯೊಂದೇ ತೇಲುತ್ತದೆ. ಹಾಗೆ ತೇಲುತ್ತಿದ್ದುದನ್ನು ಕಾಲು ಗಂಟೆ ದಿಟ್ಟಿಸಿದ ಸಂಶೋಧಕರು 'ಒಂಟಿ ಗಂಡು, ವಿಶ್ರಾಂತ ಭಂಗಿ' ಎಂದು ಬರೆದುಕೊಳ್ಳುತ್ತಿರಲು, ಬದುವಿನ ಮೇಲೆ ಬೀಡಿ ಸೇದುತ್ತಿದ್ದ ರೈತನೊಬ್ಬ ಬರಿಗಣ್ಣಲ್ಲೇ ಖಂಡಿಸಿದ: "ಅದು ಯೂರಿಯಾ ಚೀಲ ರೀ ಸಾರ್. ಚಿಗರಿ ಈ ಕಡಿ ಅದಾವ, ನಮ್ ಕಡ್ಲಿ ಹೊಲದಾಗ."

ಕಂಡ ಮೇಲೆ ಬೇಟೆಗಾರನ ಕರ್ತವ್ಯವೇನು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಕೊಂದರೆ 3ರಿಂದ 7 ವರ್ಷ ಜೈಲು. ಆದಕಾರಣ ಕಂಡಲ್ಲಿಗೆ ಶಾಸ್ತ್ರ ಸಮಾಪ್ತಿ, ದುರ್ಬೀನನ್ನು ಚೀಲಕ್ಕೆ ಹಾಕುವುದೇ ಉತ್ತರಕ್ರಿಯೆ. (ಇದೇ ಸೀಮೆಯ ಎರೆಭೂತ ಹಕ್ಕಿ ಕಂಡರೆ ಮಾತ್ರ ಮತ್ತೆ ತೆಗೆಯಬಹುದು. ಅದು ಚಿಗರಿಗಿಂತ ಎಷ್ಟೋ ಅಪರೂಪ. ಯೂರಿಯಾ ಚೀಲದಂತೆಯೂ ಕಾಣುವುದಿಲ್ಲ.)

ಪರಿಶೀಲನೆಗಾಗಿ ಕಡಲೆಯ ಒಡೆಯನಿಗೂ ದುರ್ಬೀನು ಕೊಡಲಾಯಿತು. ಆತ ಉಲ್ಟಾ ಹಿಡಿದ. ತಿದ್ದಹೋದರೆ ಒಪ್ಪಲಿಲ್ಲ.

"ಇರ್ಲಿ ಬಿಡ್ರಿ ಸಾರ್. ಹಿಂಗ ನೋಡಿದ್ರ ಲುಕ್ಸಾನು ಸಣ್ಣದು ಕಾಣ್ತದ."