ನಾನೂರ ಮೂವತ್ತು ರೂಪಾಯಿ ಸೋಪು

ಮನೆಯಲ್ಲಿ ಸದ್ಯ ಬೋಡ್‌ಮಾಸ್ ಆಡಳಿತ. ಐದನೇ ಕ್ಲಾಸಿನ ಮಗಳು ಬ್ರಾಕೆಟ್, ಆಫ್, ಡಿವಿಷನ್, ಮಲ್ಟಿಪ್ಲಿಕೇಷನ್, ಅಡಿಷನ್, ಸಬ್‌ಟ್ರಾಕ್ಷನ್ ಎಂದು ರಾಗವಾಗಿ ಹೇಳಿಕೊಂಡು ಓಡಾಡುತ್ತಾಳೆ. ಕೇಳಲು ಸೊಗಸು. ಆದರೆ 10 − 4 + 3 ಕೊಟ್ಟರೆ, ‘ಎ ಮೊದಲು, ಎಸ್ ಆಮೇಲೆ’ ಎಂದು ನಾಲ್ಕಕ್ಕೆ ಮೂರು ಕೂಡಿಸಿ, ಹತ್ತರಲ್ಲಿ ಏಳು ಕಳೆದು, 3 ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾಳೆ. ಬರಬೇಕಾದ್ದು 9. ಭಾಗಿಸುವುದು ಗುಣಿಸುವುದು ಒಂದು ಪಂಕ್ತಿ, ಕೂಡುವುದು ಕಳೆಯುವುದು ಇನ್ನೊಂದು ಪಂಕ್ತಿ. ಒಂದೇ ಪಂಕ್ತಿಯಲ್ಲಿ ಕೂತವರಿಗೆ ಎಡಗಡೆಯಿಂದ ಬಡಿಸುತ್ತ ಹೋಗಬೇಕು ಕಣೇ ಎಂದೆ. ‘ಟ್ಯೂಷನ್ ಮೇಡಂ ಅಕ್ಷರ ಇರೋ ಹಾಗೇ ಮಾಡು ಅಂದಿದಾರೆ’ ಎಂದಳು.

ಮೇಡಂ ಮಾತೇ ಸರಿಯಾದರೆ ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನ ಗತಿಯೇನು? ಅಲ್ಲಿ ಇದೇ ಸೂತ್ರಕ್ಕೆ ಪೆಮ್‌ಡಾಸ್ ಎನ್ನುತ್ತಾರೆ. ಅದರಲ್ಲಿ ‘ಎಂ’ ಮುಂದೆ, ‘ಡಿ’ ಹಿಂದೆ. ಅಕ್ಷರ ನಂಬಿ ಹೊರಟರೆ 12 ÷ 2 × 3 ನಮ್ಮಲ್ಲಿ 18, ಅವನಲ್ಲಿ 2. ವೀಸಾ ಸಿಕ್ಕಿದ ತಕ್ಷಣ ಉತ್ತರ ಬದಲಾಗುವ ಲೆಕ್ಕ ಎಲ್ಲಾದರೂ ಉಂಟೆ?

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ನನಗೆ ಪ್ರಾತ್ಯಕ್ಷಿಕೆಯ ಹುಚ್ಚು. ಕೂಡುವುದಕ್ಕೆ ಮೊದಲು ಗುಣಿಸುವುದೇಕೆ ಎಂದು ಕಣ್ಣಾರೆ ತೋರಿಸುತ್ತೇನೆಂದು ಮಗಳನ್ನು ಮೂಲೆಯ ಶೆಟ್ಟರ ಅಂಗಡಿಗೆ ಎಳೆದುಕೊಂಡು ಹೋದೆ. ಭಾನುವಾರ ಸಂಜೆ, ಹಾಲು ಬರುವ ಹೊತ್ತು.

“ಶೆಟ್ರೇ, ನಲವತ್ತರ ಸೋಪು ಒಂದು, ಹತ್ತರ ಬಿಸ್ಕತ್ತು ಮೂರು. ಕ್ಯಾಲ್ಕುಲೇಟರಲ್ಲಿ ನಲವತ್ತು ಪ್ಲಸ್ ಮೂರು ಇಂಟು ಹತ್ತು ಒತ್ತಿ.”

“ಎಪ್ಪತ್ತು ಸಾರ್.”

“ಒತ್ತಿ ಅಂದೆ.”

“ಒತ್ತೋದ್ಯಾಕೆ ಸಾರ್, ಎಪ್ಪತ್ತೇ.”

“ನನಗೋಸ್ಕರ ಒತ್ತಿ.”

ಒತ್ತಿದರು. ಅಂಗಡಿಯ ಕ್ಯಾಲ್ಕುಲೇಟರಿಗೆ ಬೋಡ್‌ಮಾಸ್ ಗೊತ್ತಿಲ್ಲ. ಕೈಗೆ ಬಂದದ್ದನ್ನು ಬಂದ ಹಾಗೆ ಮುಗಿಸುತ್ತ ಹೋಗುತ್ತದೆ: ನಲವತ್ತಕ್ಕೆ ಮೂರು ಸೇರಿಸಿತು, ಹತ್ತರಿಂದ ಗುಣಿಸಿತು, 430 ಎಂದು ಕೆಂಡದಂಥ ಅಂಕಿ ತೋರಿಸಿತು. ನಾನು ವಿಜಯೋತ್ಸಾಹದಲ್ಲಿ ಅದನ್ನು ಕಿತ್ತುಕೊಂಡು ಮಗಳ ಕಡೆ ತಿರುಗಿಸಿದೆ. ತಿರುಗಿಸುವಾಗ ಹಿಂದಿದ್ದವರಿಗೂ ಕಂಡಿತು.

“ಏನ್ರೀ ಇದು, ಒಂದು ಸೋಪಿಗೆ ನಾನೂರ ಮೂವತ್ತಾ?” ಎಂದರು ಕರಿಬೇವು ಹಿಡಿದು ನಿಂತಿದ್ದ ಹೆಂಗಸು.

“ಜಿಎಸ್‌ಟಿ ಸೇರಿಸಿರಬೇಕು,” ಎಂದರು ಮಫ್ಲರಿನ ಹಿರಿಯರು.

ಅಲ್ಲಲ್ಲ ಎಂದು ನನ್ನ ಫೋನಿನಲ್ಲಿ ಅದನ್ನೇ ಒತ್ತಿ 70 ತೋರಿಸಿದೆ. “ನೋಡಿದ್ರಾ, ಆನ್‌ಲೈನಲ್ಲಿ ಯಾವಾಗಲೂ ಕಮ್ಮಿ,” ಎಂದ ಹಾಲಿಗೆ ಬಂದ ಹುಡುಗ. ಶೆಟ್ಟರ ಮುಖ ಕಪ್ಪಿಟ್ಟಿತು. ಈ ಹಂತದಲ್ಲಿ ಮಾನವಂತನಾದವನು ದುಡ್ಡು ಕೊಟ್ಟು ಹೊರಡುತ್ತಾನೆ. ನಾನು ದನಿ ಏರಿಸಿದೆ. “ನಲವತ್ತು ಏನು? ರೂಪಾಯಿ. ಮೂರು ಏನು? ಪ್ಯಾಕೆಟ್ಟು. ರೂಪಾಯಿಗೆ ಪ್ಯಾಕೆಟ್ಟು ಕೂಡಿಸಿದರೆ ಬರುವ ನಲವತ್ಮೂರು ಏನು, ಹೇಳಿ!” ಯಾರೂ ಹೇಳಲಿಲ್ಲ. ಮಫ್ಲರಿನವರು ಎರಡು ಹೆಜ್ಜೆ ಹಿಂದೆ ಸರಿದರು. ಮಗಳು ಚಾಕೊಲೇಟ್ ಡಬ್ಬಿಗಳನ್ನು ಎಣಿಸುವವಳಂತೆ ನನಗೆ ಬೆನ್ನು ಹಾಕಿದಳು.

ಶೆಟ್ಟರು ಕ್ಯಾಲ್ಕುಲೇಟರನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಮೂರು ಇಂಟು ಹತ್ತು, ಎಂ ಪ್ಲಸ್. ನಲವತ್ತು, ಎಂ ಪ್ಲಸ್. ಎಂಆರ್‌ಸಿ. 70. “ನಾವು ಮೊದಲಿಂದ್ಲೂ ಹೀಗೇ ಸಾರ್ ಮಾಡೋದು. ನೀವೇ ಏನೇನೋ ಒತ್ತಿಸಿದ್ರಿ.” ನಾನು ಅಷ್ಟು ಹೊತ್ತಿನಿಂದ ಕೂಗುತ್ತಿದ್ದುದು ಇದನ್ನೇ. ಆದರೆ ಚಪ್ಪಾಳೆ, ಅಂದರೆ ಕರಿಬೇವಿನ ಹೆಂಗಸಿನ ತಲೆದೂಗು, ಶೆಟ್ಟರಿಗೆ ಹೋಯಿತು.

ಮನೆಗೆ ಬಂದು ಫೋನ್ ನೋಡಿದರೆ ಫ್ಯಾಮಿಲಿ ಗ್ರೂಪಿನಲ್ಲಿ 6 ÷ 2(1 + 2). ಚಿಕ್ಕಪ್ಪ 9, ಎಂಜಿನಿಯರ್ ಭಾವ 1. ಇಬ್ಬರೂ ಕ್ಯಾಲ್ಕುಲೇಟರ್ ಫೋಟೊ ಹಾಕಿದ್ದಾರೆ. ಎರಡೂ ನಿಜವಾದ ಫೋಟೊಗಳೇ. ಸೈಂಟಿಫಿಕ್ ಕ್ಯಾಲ್ಕುಲೇಟರುಗಳಲ್ಲೇ ಕೆಲವು ಆವರಣಕ್ಕೆ ಅಂಟಿಕೊಂಡ ಎರಡನ್ನು ಮೊದಲು ಗುಣಿಸುತ್ತವೆ, ಕೆಲವು ಎಡದಿಂದ ಹೊರಡುತ್ತವೆ. ಗಣಿತದ ಚಿಹ್ನೆಗಳ ಚರಿತ್ರೆ ಬರೆದ ಫ್ಲೋರಿಯನ್ ಕಜೋರಿ 1928ರಲ್ಲೇ, ÷ ಮತ್ತು × ಒಟ್ಟಿಗೆ ಬಂದರೆ ಯಾವುದು ಮೊದಲೆಂಬ ಬಗ್ಗೆ ಒಮ್ಮತವಿಲ್ಲ ಎಂದು ಕೈಚೆಲ್ಲಿದ್ದ. ನಮ್ಮ ಭಾಸ್ಕರಾಚಾರ್ಯನಿಗೆ ಈ ತಾಪತ್ರಯವಿರಲಿಲ್ಲ. ಲೀಲಾವತಿಯ ಒಂದು ಲೆಕ್ಕ ಮೂರರಿಂದ ಗುಣಿಸು ಎಂದು ಶುರುವಾಗಿ, ಭಾಗಿಸಿ, ಕಳೆದು, ವರ್ಗಮೂಲದವರೆಗೆ ಹೋಗಿ 2ಕ್ಕೆ ಬಂದು ನಿಲ್ಲುತ್ತದೆ. ಹೊರಟ ಸಂಖ್ಯೆ 28. ಒಂದಾದ ಮೇಲೊಂದನ್ನು ಬಾಯಲ್ಲೇ ಹೇಳಿರುವಾಗ ಬೋಡ್‌ಮಾಸ್ ಯಾರಿಗೆ ಬೇಕು? ಎರಡು ಆವರಣ ಹಾಕಲು ಸೋಮಾರಿಯಾದವನು ಇಂಥ ಲೆಕ್ಕ ಬರೆದು ಹಂಚುತ್ತಾನೆ, ನಮ್ಮ ಮನೆಯ ಹಿರಿಯರು ಮಾತು ಬಿಡುತ್ತಾರೆ. ಚಿಕ್ಕಪ್ಪ ಗ್ರೂಪಿನಿಂದ ಹೊರಗೆ ಹೋದದ್ದು ಹೀಗೆಯೇ.

ರಾತ್ರಿ ಮಗಳ ಪುಸ್ತಕ ತೆರೆದೆ. 10 − 4 + 3ರ ಎದುರು 9 ಇತ್ತು, ಪಕ್ಕದಲ್ಲಿ ಸಣ್ಣದಾಗಿ 3.

“ಎರಡೆರಡು ಯಾಕೆ?”

“ಒಂಬತ್ತು ನಿಂಗೆ. ಮೂರು ಮೇಡಂಗೆ.”

ನಗಲು ಬಾಯಿ ತೆರೆದವನಿಗೆ ನಗು ಬರಲಿಲ್ಲ. ಹತ್ತು ವರ್ಷದ ಮಗು, ಯಾರ ಮುಂದೆ ಯಾವ ಉತ್ತರ ಎಂಬುದನ್ನು ಆಗಲೇ ಕಲಿತಿದೆ.

“ಪರೀಕ್ಷೆಗೆ?”

“ಯಾರು ತಿದ್ದುತ್ತಾರೆ ಅಂತ ಕೇಳಿಕೊಂಡು ಬರೀತೀನಪ್ಪ.”