ಮೊದಲ ರೀಡಿಂಗ್ ತೆಗೆದವರಿಗೆ ಒಂದು ಬಹಿರಂಗ ಪತ್ರ

ತೀರ್ಥರೂಪ ಸಮಾನರಾದ, ಓಮನ ನಿಯಮದ ಪ್ರಯೋಗ ಮಾಡಿ ಮೊಟ್ಟಮೊದಲು ರೀಡಿಂಗ್ ಬರೆದಿಟ್ಟ ಅಣ್ಣಾರಿಗೆ (ಅಕ್ಕಾರಾಗಿದ್ದರೆ ಅಕ್ಕಾರಿಗೆ) ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಪಾಲಕನೊಬ್ಬನ ಶಿರಸಾಷ್ಟಾಂಗ ನಮಸ್ಕಾರಗಳು.

ತಮ್ಮ ವಿಳಾಸ ಗೊತ್ತಿಲ್ಲದ್ದರಿಂದ ಪತ್ರವನ್ನು ಹೀಗೆ ಬಯಲಿಗೆ ಬಿಡಬೇಕಾಯಿತು. ತಮ್ಮ ಹೆಸರೇನು, ಯಾವ ಊರು, ಯಾವ ಸಾಲಿನಲ್ಲಿ ಎಸ್ಸೆಸ್ಸಿ ಪಾಸಾದಿರಿ, ಪಾಸಾದಿರೋ ಇಲ್ಲವೋ, ಒಂದೂ ತಿಳಿಯದು. ತಮ್ಮ ಅಂಕಿಗಳು ಮಾತ್ರ ನಮ್ಮ ಮನೆಯಲ್ಲಿವೆ. 0.4 ವೋಲ್ಟಿಗೆ 0.08 ಆಂಪಿಯರ್, 0.6ಕ್ಕೆ 0.12, ಒಂದು ವೋಲ್ಟಿಗೆ 0.20, 1.2ಕ್ಕೆ 0.24. ಎಲ್ಲಿ ಭಾಗಿಸಿದರೂ 5 ಓಮ್. ನಡುವೆ ಇನ್ನೊಂದು ಸಾಲಿದೆ, ಅದರ ಮಾತು ಆಮೇಲೆ.

ನನ್ನ ಅಣ್ಣನ ಮಗಳು ಇಯತ್ತೆ ಒಂಬತ್ತರಲ್ಲಿದ್ದಾಗ ಪ್ರಯೋಗದ ಜರ್ನಲ್ ತಂದು ಮುಂದಿಟ್ಟು, "ಕಾಕಾ, ನೀವು ಚಿತ್ರ ಅಷ್ಟ ತಗದ ಕೊಡ್ರಿ. ರೀಡಿಂಗ್ ನನ್ನ ಹಂತೇಲಿ ಅದಾವ" ಅಂದಳು. "ಯಾವಾಗ ತಗದಿ?" ಎಂದು ಕೇಳಿದೆ. "ನಾ ಯಾಕ ತಗೀಲಿ? ಹತ್ತನೇದಾಕಿ ಕೊಟ್ಟಾಳ." ಹತ್ತನೆಯವಳಿಗೆ ಕೊಟ್ಟವನು ಅವಳ ಅಣ್ಣ. ಅವನಿಗೆ ಕೊಟ್ಟವನು ವಳಸಂಗದ ಮಾವನ ಮಗ. ಅವನಿಗೆ ಯಾರು ಕೊಟ್ಟರೋ ನೆನಪಿಲ್ಲವಂತೆ. ವಂಶಾವಳಿ ಹಿಡಿದು ಮೇಲೆ ಮೇಲೆ ಹೋದರೆ ಎಲ್ಲೋ ಒಂದು ಕಡೆ, ತಂತಿ ಜೋಡಿಸಿ, ಸ್ವಿಚ್ ಒತ್ತಿ, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದು ನೋಡಿದವರು ತಾವೊಬ್ಬರೇ ಇದ್ದೀರಿ. ಉಳಿದವರೆಲ್ಲ ತಮ್ಮ ಲಿಪಿಕಾರರು.

ಫೆಬ್ರುವರಿ ಬಂತೆಂದರೆ ನಮ್ಮ ಕಡೆ ವಿಜ್ಞಾನದ ಜಾತ್ರೆ. ಝೆರಾಕ್ಸ್ ಅಂಗಡಿ ಮುಂದೆ ಸಾಲು, ಖಾಕಿ ಹೊದಿಕೆಗೆ ಸಾಲು, ಚೀಟಿ ಅಂಟಿಸಲು ಗೋಂದಿಗೆ ಸಾಲು. ಗಾಜಿನ ಚಪ್ಪಡಿಯಲ್ಲಿ ಬೆಳಕಿನ ಕಿರಣ ಬಾಗುವ ಪ್ರಯೋಗವನ್ನು ಮಕ್ಕಳು ಕೋನಮಾಪಕ ಹಿಡಿದು ಗಾಜೇ ಇಲ್ಲದೆ ಮುಗಿಸುತ್ತಾರೆ. ಕಿರಣ ಹೇಳಿದ ಕೋನದಲ್ಲೇ ಬಂದು ಹೇಳಿದ ಕೋನದಲ್ಲೇ ಹೊರಬೀಳುತ್ತದೆ, ಶಿಸ್ತಿನ ಕಿರಣ. ಹಾಳೆಯ ಮೇಲೆ ಗುಂಡುಸೂಜಿ ಚುಚ್ಚಿದ ತೂತು ಕಾಣಬೇಕಲ್ಲ? ಗೆರೆ ಎಳೆದ ಮೇಲೆ ಕೈವಾರದ ಮೊನೆಯಿಂದ ನಾಲ್ಕು ತೂತು ಚುಚ್ಚಿದರಾಯಿತು. ನಮ್ಮ ಹುಡುಗಿ ಈ ತೂತುಗಳನ್ನು ಎಷ್ಟು ಶ್ರದ್ಧೆಯಿಂದ ಚುಚ್ಚಿದಳೆಂದರೆ, ಅಷ್ಟು ಹೊತ್ತಿನಲ್ಲಿ ನಿಜವಾದ ಪ್ರಯೋಗವನ್ನು ಎರಡು ಸಲ ಮಾಡಬಹುದಿತ್ತು.

ಎಸ್ಸೆಸ್ಸಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ಎರಡು ಭಾಗಗಳಿಗೆ ತಲಾ 40 ಗುಣ, ಪ್ರಾತ್ಯಕ್ಷಿಕಕ್ಕೆ 20. ಪಾಸಾಗಲು ಬೇಕಾದದ್ದು 35. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾರವನ್ನು ತಾವು ಹೊತ್ತಿದ್ದೀರಿ. ಇಷ್ಟು ಮಕ್ಕಳನ್ನು ದಡ ಮುಟ್ಟಿಸಿದವರ ಒಂದು ಫೋಟೋ ಕೂಡ ಯಾವ ಶಾಲೆಯ ಗೋಡೆಯ ಮೇಲೂ ಇಲ್ಲವೆಂಬುದು ನನಗೆ ಖೇದದ ಸಂಗತಿ.

ತಮ್ಮೆದುರು ಸ್ವತಃ ಓಮ್ ಸಾಹೇಬರೂ ಸಪ್ಪೆ. ಜಾರ್ಜ್ ಸೈಮನ್ ಓಮ್ ಕೂಡ ಮೇಷ್ಟ್ರೇ, ಜರ್ಮನಿಯ ಕೊಲೋನ್ ಊರಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ಅಲ್ಲಿನ ಪ್ರಯೋಗಶಾಲೆಯಲ್ಲೇ ಕೂತು ಕೆಲಸ ಮಾಡಿದವರು. 1825ರಲ್ಲಿ ಅವರು ಪ್ರಕಟಿಸಿದ ಮೊದಲ ಸೂತ್ರ ತಪ್ಪಿತ್ತು. ಕಾರಣ, ಆಗಿನ ವಿದ್ಯುತ್ಕೋಶಗಳ ಬಲ ಪ್ರಯೋಗ ನಡೆಯುತ್ತಿರುವಾಗಲೇ ಇಳಿದುಹೋಗುತ್ತಿತ್ತು. ಆಮೇಲೆ ಅವರು ಕೋಶವನ್ನೇ ಬಿಟ್ಟು, ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಅದರಿಂದ ಬರುವ ಸ್ಥಿರವಾದ ವಿದ್ಯುತ್ತಿನಿಂದ ಮತ್ತೆ ಅಳೆದರು. 1827ರಲ್ಲಿ ಪುಸ್ತಕ ಬಂತು. ಅವರ ದೇಶದವರೇ ಬಹುಕಾಲ ಮೂಸಿ ನೋಡಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ಕೊಟ್ಟಿತು. ಪಾಪ, ತಮ್ಮ ಜರ್ನಲ್ಲಿನ ಝೆರಾಕ್ಸ್ ಸಿಕ್ಕಿದ್ದರೆ ಇಷ್ಟು ತಾಪತ್ರಯ ತಪ್ಪುತ್ತಿತ್ತು. ನಮ್ಮ ಕಡೆಯ ಪರೀಕ್ಷಕರ ಕೈಗೆ ಓಮ್ ಸಿಕ್ಕಿದ್ದರೆ 1825ರಲ್ಲೇ "ಹೊಂದುವುದಿಲ್ಲ, ತಿದ್ದಿ ತಾ" ಎಂದು ಕಳಿಸಿ ಮುಗಿಸುತ್ತಿದ್ದರು.

ಮಾಸ್ತರರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಕಪಾಟಿನೊಳಗಿನ ಸಾಮಾನೆಲ್ಲ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ದಾಖಲಾಗಿರುತ್ತದೆ. ಬೀಕರ್ ಒಡೆದರೆ ಲೆಕ್ಕ ಕೊಡಬೇಕಾದವರು ಅವರು. ಹುಡುಗರ ಕೈಗೆ ಕೊಟ್ಟರೆ ಗಾಜು ಒಡೆಯುತ್ತದೆ, ಕೊಡದಿದ್ದರೆ ಏನೂ ಆಗುವುದಿಲ್ಲ. ಹೀಗಿರುವಾಗ ಬುದ್ಧಿವಂತ ಮನುಷ್ಯ ಏನು ಮಾಡುತ್ತಾನೆ? ಬೀಗ ಹಾಕುತ್ತಾನೆ. ಮೇಲಾಗಿ ಚುನಾವಣೆಯ ಕೆಲಸ, ಮತದಾರರ ಯಾದಿ, ಆ ಸಮೀಕ್ಷೆ, ಈ ಆನ್‌ಲೈನ್ ಮಾಹಿತಿ. ಕಪಾಟಿನ ಬೀಕರುಗಳು ಮಾತ್ರ ಯಾವ ಸರ್ಕಾರಿ ಕೆಲಸಕ್ಕೂ ಹೋಗದೆ, ಒಂದು ಹನಿ ಆಮ್ಲ ಕಾಣದೆ, ಕನ್ಯಾವಸ್ಥೆಯಲ್ಲೇ ನಿವೃತ್ತಿಯ ವಯಸ್ಸಿಗೆ ಬಂದಿವೆ.

ಹಾಗೆ ನೋಡಿದರೆ ಕಪಾಟು ತೆರೆಯುವ ಜರೂರಿಯೂ ಇಲ್ಲ. ಹತ್ತನೆಯ ಇಯತ್ತೆಯಲ್ಲಿ ರಾಸಾಯನಿಕ ಕ್ರಿಯೆಗಳ ಪಾಠವಿದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಉಷ್ಣ ಹೊರಬೀಳುತ್ತದೆ ಎಂಬ ವಾಕ್ಯದ ಕೆಳಗೆ ನಮ್ಮ ಹುಡುಗಿ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಳು, "ಇಂಪಾರ್ಟಂಟ್ ಐತಿ" ಎಂದು. ಅದೇ ವಾರ ದೀಪಾವಳಿಗೆ ಮನೆ ಬಳಿಯಲು ಸುಣ್ಣ ತಂದಿದ್ದರು. ಒಂದು ಹೆಂಟೆಯನ್ನು ಹಳೆಯ ಅಲ್ಯೂಮಿನಿಯಂ ಬೋಗುಣಿಗೆ ಹಾಕಬೇಕೆಂದಿದ್ದವಳನ್ನು ತಡೆದು (ಸುಣ್ಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ) ಮಣ್ಣಿನ ಪರಿಯಾಣದಲ್ಲಿ ಇಡಿಸಿ, ಕಣ್ಣಿಗೆ ಸಿಡಿಯದ ಹಾಗೆ ದೂರ ನಿಲ್ಲಿಸಿ, ನೀರು ಹಾಕಿದೆ. ಮೊದಲು ಏನೂ ಇಲ್ಲ. ಹೆಂಟೆ ನೀರನ್ನೆಲ್ಲ ಕುಡಿದು ಸುಮ್ಮನೆ ಕೂತಿತು. "ಆಗಲಿಲ್ಲ ಬಿಡ್ರಿ" ಎಂದು ಆಕೆ ಎದ್ದಳು. ಅಷ್ಟರಲ್ಲಿ ಚಟ್ ಎಂದು ಒಂದು ಬಿರುಕು, ಬಿರುಕಿನಿಂದ ಹಬೆ, ಆಮೇಲೆ ಹೆಂಟೆ ಉಬ್ಬಿ ಒಡೆದು ಬುಸುಗುಟ್ಟುತ್ತ ಬಿಳಿ ಹಿಟ್ಟಾಗಿ ಕುಸಿಯಿತು. ಪರಿಯಾಣದ ಹೊರಮೈ ಮುಟ್ಟಲಾಗದಷ್ಟು ಕಾದಿತ್ತು.

ಮರುದಿನ ಅದಕ್ಕೆ ಇನ್ನಷ್ಟು ನೀರು ಬೆರೆಸಿ, ತಿಳಿ ನಿಂತ ಮೇಲೆ ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಹಾಕಿದೆವು. ಸ್ಟ್ರಾ ಇಳಿಸಿ, ಒಳಗೆಳೆಯದ ಹಾಗೆ ಎಚ್ಚರದಿಂದ ಊದಿದಳು. ತಿಳಿನೀರು ಹಾಲಿನಂತಾಯಿತು. ಇದು ಪುಸ್ತಕದಲ್ಲಿದೆ. ಆಕೆ ನಿಲ್ಲಿಸದೆ ಊದುತ್ತಲೇ ಹೋದಾಗ ಹಾಲು ಮತ್ತೆ ತಿಳಿಯಾಯಿತು. ಮೊದಲು ಹುಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗದು, ಉಸಿರು ಹೆಚ್ಚಾದಾಗ ಅದು ಕರಗುವ ಬೈಕಾರ್ಬೊನೇಟ್ ಆಗುತ್ತದೆ. ಹುಡುಗಿ ಗಾಬರಿಯಾಗಿ, "ಕಾಕಾ, ಕೆಟ್ಟು ಹೋತು!" ಎಂದಳು. ಕೆಟ್ಟದ್ದು ಅವಳ ಜರ್ನಲ್. ಅದರಲ್ಲಿ 'ಹಾಲಿನಂತಾಗುತ್ತದೆ' ಎಂದಷ್ಟೇ ಇತ್ತು.

ಇಂಥ ಸಾಮಗ್ರಿ ನಮ್ಮ ಜಿಲ್ಲೆಯಲ್ಲಿ ಬಿದ್ದು ಹೊರಳಾಡುತ್ತಿದೆ. ಗುರುತ್ವಾಕರ್ಷಣೆಯ ಪ್ರಯೋಗವನ್ನಂತೂ 2023ರ ಜೂನ್‌ನಲ್ಲಿ ಸೋಲಾಪುರ ಮಹಾನಗರಪಾಲಿಕೆಯೇ ಮಾಡಿ ತೋರಿಸಿತು. ವಿಮಾನ ಹಾರಲು ಅಡ್ಡಿ ಎಂದು ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಸುಮಾರು 90 ಮೀಟರ್ ಎತ್ತರದ ಚಿಮಣಿಯನ್ನು ನೆಲಕ್ಕುರುಳಿಸಿದರು. ಊರೆಲ್ಲ ಮೊಬೈಲಿನಲ್ಲಿ ನೋಡಿತು, ರಾಜಕಾರಣ ಮಾತಾಡಿತು. ಅಷ್ಟು ಎತ್ತರದಿಂದ ಕಲ್ಲೊಂದು ಜಾರಿದರೆ ಗಾಳಿಯ ತಡೆ ಬಿಟ್ಟು ಸುಮಾರು 4.3 ಸೆಕೆಂಡಿನಲ್ಲಿ, ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಹತ್ತನೆಯ ಪುಸ್ತಕದ ಮೊದಲನೆಯ ಪಾಠದ ಎರಡು ಸೂತ್ರಗಳು ಸಾಕು ಇದಕ್ಕೆ. ಲೆಕ್ಕ ಹಾಕಿದ ತರಗತಿ ಯಾವುದಾದರೂ ಇದ್ದರೆ ಆ ಮಾಸ್ತರರಿಗೆ ನನ್ನ ಕಡೆಯಿಂದ ಒಂದು ಸೋಲಾಪುರ ಚಾದರು. ಇನ್ನು ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಸೋಲಾಪುರದ ಹೋಮ್ ಮೈದಾನದ ಮೇಲೆ ಮದ್ದು ಸುಡುತ್ತಾರಲ್ಲ, ಕೆಂಪು ಸ್ಟ್ರಾಂಶಿಯಂದು, ಹಸಿರು ಬೇರಿಯಂದು, ಹಳದಿ ಸೋಡಿಯಂದು. ನಮ್ಮ ಮಕ್ಕಳು ಕತ್ತು ನೋಯುವವರೆಗೆ ಅದನ್ನು ನೋಡಿ, ಮನೆಗೆ ಬಂದು ಆವರ್ತ ಕೋಷ್ಟಕವನ್ನು ಕಂಠಪಾಠ ಮಾಡುತ್ತಾರೆ. ಎರಡಕ್ಕೂ ಸಂಬಂಧವಿದೆಯೆಂದು ಯಾರೂ ಅವರ ಕಿವಿಗೆ ಹಾಕಿಲ್ಲ.

ಇದೇ ಜಿಲ್ಲೆಗೆ ರೀಡಿಂಗ್ ತೆಗೆಯಲೆಂದೇ ಬಂದವರೂ ಉಂಟು. 1898ರ ಜನವರಿ 22ರಂದು ಖಗ್ರಾಸ ಸೂರ್ಯಗ್ರಹಣ ಹಿಡಿದಾಗ, ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಬೆಲ್ ಸಾಹೇಬರು ಕ್ಯಾಲಿಫೋರ್ನಿಯಾದಿಂದ ಹಡಗು ಹತ್ತಿ ಬಂದದ್ದು ಇದೇ ಸೋಲಾಪುರ ಜಿಲ್ಲೆಯ ಜೇವೂರಿಗೆ. ನಮ್ಮ ಅಕ್ಕಲಕೋಟದ ಜೇವೂರ ಅಂದುಕೊಂಡು ಎದೆಯುಬ್ಬಿಸಬೇಡಿ, ಇದು ಕರಮಾಳಾ ತಾಲೂಕಿನ ರೈಲು ಸ್ಟೇಶನ್ನಿನ ಜೇವೂರ. ಪುಣೆಯಿಂದ ಕಾವಸಜಿ ನಯಗಾಂವ್‌ವಾಲಾ ಅವರೂ ಅಲ್ಲಿಗೇ ದುರ್ಬೀನು ಹೊತ್ತು ಬಂದಿದ್ದರು. ಸಿಕ್ಕ ಹೊತ್ತು ಎರಡು ನಿಮಿಷದಷ್ಟು. ಎರಡು ನಿಮಿಷದ ರೀಡಿಂಗಿಗೆ ಸಮುದ್ರ ದಾಟಿದ ಇವರಿಗೆ ಹಿಂದಿನ ವರ್ಷದವರ ಜರ್ನಲ್ ಕೇಳುವ ಸಾಮಾನ್ಯ ಜ್ಞಾನ ಇರಲಿಲ್ಲ.

ನಾವಿರುವುದು ಗಡಿಯಲ್ಲಿ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಎಂದು ವರದಿ ಕೊಟ್ಟಿತು. ಅದೇ ವರ್ಷ ಪುಣೆಯಲ್ಲಿ ಬಾಲಭಾರತಿ ಹುಟ್ಟಿ, ನಮಗೆ ಕನ್ನಡದಲ್ಲೇ ಪಠ್ಯಪುಸ್ತಕ ಮುದ್ರಿಸಿಕೊಡುತ್ತ ಬಂದಿದೆ. ಇದನ್ನು ಉಪಕಾರವೆಂದೇ ನೆನೆಯುತ್ತೇನೆ. ಆಗಾಗ ಎರಡೂ ರಾಜಧಾನಿಗಳಿಗೆ ನಮ್ಮ ಮೇಲೆ ಪ್ರೀತಿ ಉಕ್ಕುತ್ತದೆ. 2022ರ ಕೊನೆಗೂ ಒಮ್ಮೆ ಉಕ್ಕಿ ಬಸ್ಸುಗಳು ನಿಂತವು. ಎರಡೂ ಕಡೆಯವರಿಗೆ ಅಕ್ಕಲಕೋಟ ಬೇಕು, ಅಕ್ಕಲಕೋಟದ ಹುಡುಗರ ಕೈಗೊಂದು ಬ್ಯುರೆಟ್ ಕೊಡುತ್ತೇನೆಂದು ಎರಡೂ ಕಡೆ ಯಾರೂ ಅಂದದ್ದು ಕೇಳಿಲ್ಲ. ಹತ್ತು ಮುಗಿದ ಮೇಲೆ ವಿಜ್ಞಾನ ಓದಬೇಕೆಂದರೆ ಸೋಲಾಪುರದಲ್ಲಿ ಇಂಗ್ಲಿಷ್. ಗಡಿ ದಾಟಿ ವಿಜಯಪುರಕ್ಕೋ ಕಲಬುರಗಿಗೋ ಹೋದರೆ ಅಲ್ಲಿನ ಪಿಯುಸಿ ವಿಜ್ಞಾನವೂ ಇಂಗ್ಲಿಷೇ. ಕೈಯಾರೆ ಮಾಡಿದ ನಾಲ್ಕು ಪ್ರಯೋಗ ನೆನಪಿನಲ್ಲಿದ್ದರೆ, ಆ ಪುಸ್ತಕ ತೆರೆದಾಗ ಯಾವುದರ ಬಗ್ಗೆ ಹೇಳುತ್ತಿದ್ದಾರೆಂದಾದರೂ ತಿಳಿದೀತು. ಜರ್ನಲ್ ಒಂದನ್ನೇ ನೆಚ್ಚಿ ಹೋದವರು ಮೊದಲ ಚಾಚಣಿ ಪರೀಕ್ಷೆಗೇ ಊರಿಗೆ ಮರಳುತ್ತಾರೆ.

1950ರಲ್ಲಿ ಸೋಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದವರು ಎಂ.ಆರ್. ಶ್ರೀನಿವಾಸಮೂರ್ತಿ, 'ರಂಗಣ್ಣನ ಕನಸಿನ ದಿನಗಳು' ಬರೆದು ಶಾಲಾ ಇನ್‌ಸ್ಪೆಕ್ಟರೊಬ್ಬನನ್ನು ಕನ್ನಡದಲ್ಲಿ ಚಿರಂಜೀವಿ ಮಾಡಿದವರು. ಆ ರಂಗಣ್ಣ ಈಗ ನಮ್ಮ ತಾಲೂಕಿಗೆ ಬಂದರೆ ಸೈಕಲ್ ನಿಲ್ಲಿಸಿ, ಕಪಾಟಿನ ಮುಂದೆ ನಿಂತು, ಕೀಲಿಕೈ ಕೇಳುತ್ತಿದ್ದನೆಂದು ನನ್ನ ನಂಬಿಕೆ. ಈಗಿನ ಸಾಹೇಬರು ಕಪಾಟಿನ ಫೋಟೋ ಅಪ್‌ಲೋಡ್ ಆಗಿದೆಯೇ ಎಂದು ಕೇಳುತ್ತಾರೆ.

2024ರಲ್ಲಿ ರಾಜ್ಯದ ಹೊಸ ಪಠ್ಯಕ್ರಮದ ಮಾತು ಬಂದಾಗ ಒಂದು ಸೂಚನೆ ಪತ್ರಿಕೆಗಳಲ್ಲಿ ಬಂತು. ಗಣಿತ, ವಿಜ್ಞಾನಗಳಲ್ಲಿ 35 ಬರದಿದ್ದರೂ 20 ಬಂದರೆ ಮುಂದಿನ ತರಗತಿಗೆ ಹೋಗಲಿ, ಈ ವಿಷಯಗಳನ್ನು ಮಾತ್ರ ಮುಂದೆ ಓದುವಂತಿಲ್ಲ ಎಂದು ಗುಣಪತ್ರಿಕೆಯ ಮೇಲೊಂದು ಷರಾ ಬೀಳಲಿ ಎಂದು. 20! ಪ್ರಾತ್ಯಕ್ಷಿಕದ ಗುಣಗಳೂ 20. ಅಂದರೆ ಪ್ರಶ್ನೆಪತ್ರಿಕೆಯನ್ನು ಮುಟ್ಟದೆ, ತಮ್ಮ ಜರ್ನಲ್ ಒಂದರ ಬಲದಿಂದಲೇ ಒಂದಿಡೀ ಪೀಳಿಗೆ ವಿಜ್ಞಾನದಿಂದ ಗೌರವಪೂರ್ವಕವಾಗಿ ಪಾರಾಗಬಹುದು. ಸರ್ಕಾರಕ್ಕೆ ಈ ಲೆಕ್ಕ ಹೊಳೆದಿತ್ತೋ ಇಲ್ಲವೋ, ತಮಗೆ ಮುಂಗಡ ಅಭಿನಂದನೆ.

ಈಗ ಆ ನಡುವಿನ ಸಾಲಿನ ಮಾತು. 0.8 ವೋಲ್ಟಿಗೆ ತಾವು 0.17 ಆಂಪಿಯರ್ ಎಂದು ಬರೆದಿದ್ದೀರಿ. ಭಾಗಿಸಿದರೆ 4.7. ಮುಂದಿನ ಮನೆಯಲ್ಲಿ ಮಾತ್ರ ಎಲ್ಲ ಜರ್ನಲ್‌ಗಳಲ್ಲೂ 5 ಎಂದಿದೆ. ಭಾಗಿಸಿ ನೋಡಿದವರು ಯಾರೂ ಇಲ್ಲ, ಬರೆದವರೂ ನೋಡಿಲ್ಲ, ಕೆಂಪು ಮಸಿಯ ಸಹಿ ಹಾಕಿದವರೂ ನೋಡಿಲ್ಲ. ಹಸ್ತಪ್ರತಿಗಳನ್ನು ಸಂಪಾದಿಸುವ ಪಂಡಿತರು ಎಲ್ಲ ಪ್ರತಿಗಳಲ್ಲೂ ಒಂದೇ ಸ್ಖಾಲಿತ್ಯ ಕಂಡರೆ ಇವಕ್ಕೆಲ್ಲ ಮೂಲ ಒಂದೇ ಎಂದು ತೀರ್ಮಾನಿಸುತ್ತಾರೆ. ನಾನೂ ಹಾಗೆಯೇ ತಮ್ಮ ಇರವನ್ನು ಪತ್ತೆ ಹಚ್ಚಿದೆ. ಮನೆಯಲ್ಲಿ ಕೂತು ಕಲ್ಪಿಸಿ ಬರೆಯುವವರು 0.16 ಎಂದು ಬರೆಯುತ್ತಿದ್ದರು. 0.17 ಬರೆಯಬೇಕಾದರೆ ಅಲ್ಲಿ ನಿಜವಾಗಿ ಒಂದು ಮುಳ್ಳು ಇರಬೇಕು, ಅದು ಎರಡು ಗೆರೆಗಳ ನಡುವೆ ನಿಂತಿರಬೇಕು, ಕಂಡದ್ದನ್ನೇ ಬರೆಯುವ ಮೊಂಡುತನ ತಮಗಿದ್ದಿರಬೇಕು. ಆಮೇಲೆ ಹಿಂದಿನಿಂದ ಯಾರೋ ಗದರಿಸಿ 5 ಬರೆಸಿದ್ದಾರೆ.

ಹೀಗಾಗಿ ತಮ್ಮಲ್ಲಿ ಒಂದು ಜರೂರಿ ವಿನಂತಿ. ಹೊಸ ಪಠ್ಯಪುಸ್ತಕಗಳು ಒಂದೊಂದೇ ಇಯತ್ತೆಯಾಗಿ ಬದಲಾಗುತ್ತ ಬರುತ್ತಿವೆ. ನಾಳೆ ಒಂಬತ್ತಕ್ಕೂ ಹತ್ತಕ್ಕೂ ಹೊಸ ಪ್ರಯೋಗಗಳು ಬಂದರೆ ಅವಕ್ಕೆ ಮೂಲ ರೀಡಿಂಗ್ ಯಾರ ಬಳಿಯೂ ಇಲ್ಲ. ಇಡೀ ತಾಲೂಕು ಅನಾಥವಾಗುತ್ತದೆ. ಆದಕಾರಣ ತಾವು ಎಲ್ಲಿದ್ದರೂ, ಪುಣೆಯ ಕಂಪನಿಯಲ್ಲಿರಿ, ದುಧನಿಯ ಅಡತಿಯಲ್ಲಿರಿ, ಒಂದು ದಿನದ ರಜೆ ಹಾಕಿ ಬಂದು ಹೊಸ ರೀಡಿಂಗ್ ತೆಗೆದುಕೊಟ್ಟು ಹೋಗಬೇಕು. ಬ್ಯಾಟರಿ ಸೆಲ್ಲು ತಾವೇ ತರಬೇಕು, ಶಾಲೆಯವು ಸೋರಿವೆ. ಕಪಾಟಿನ ಕೀಲಿಕೈ ಹಿಂದೆ ರಿಟಾಯರಾದ ಸಿಪಾಯಿಯ ಹತ್ತಿರ ಇದೆಯಂತೆ. ಅವರು ಗುರುವಾರ ಸ್ವಾಮಿ ಸಮರ್ಥರ ಗುಡಿಗೆ ಬರುತ್ತಾರೆ, ಅಂದು ಬಂದರೆ ಅನುಕೂಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪಾಲಕ

ತಾ.ಕ.: ಬರುವಾಗ ಎರಡು ಬೀಕರನ್ನೂ ಖರೀದಿಸಿ ತನ್ನಿ. ರಜಿಸ್ಟರಿನಲ್ಲಿ ದಾಖಲಾಗದವು ಒಡೆದರೆ ಯಾರೂ ಕೇಳುವುದಿಲ್ಲ.