ವೆಬ್‌ಸೈಟ್ ವೇತನ ಮೀಮಾಂಸೆ

ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್‌ಸೈಟನ್ನು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ 1991ರಲ್ಲಿ ಲೋಕಕ್ಕೆ ತೆರೆದಿಟ್ಟರು. 1993ರಲ್ಲಿ ಸರ್ನ್ ಸಂಸ್ಥೆ ಆ ತಂತ್ರಜ್ಞಾನವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಬಿಟ್ಟುಕೊಟ್ಟಿತು. ಗಿರಾಕಿಗಳಿಗೆ ಇವೆರಡರಲ್ಲಿ ಎರಡನೆಯದು ಮಾತ್ರ ಗಟ್ಟಿಯಾಗಿ ನೆನಪಿದೆ ಎಂಬುದು ಈ ಪ್ರಬಂಧದ ಮೊದಲ ಪ್ರಮೇಯ.

ಪೂರ್ವಪಕ್ಷದವರಲ್ಲಿ ಪ್ರಬಲರು ಬಾಮೈದವಾದಿಗಳು. ‘ನಮ್ ಬಾಮೈದ ಐದು ಸಾವಿರಕ್ಕೆ ಮಾಡ್ಕೊಡ್ತಾನಂತೆ ಸಾರ್’ ಎಂಬುದು ಇವರ ಮಹಾವಾಕ್ಯ. ಆ ಬಾಮೈದನನ್ನು ಪ್ರತ್ಯಕ್ಷ ಕಂಡ ಕೋಡರ್ ಇಲ್ಲ. ಅವನು ಶಬ್ದಪ್ರಮಾಣದಿಂದಷ್ಟೇ ಸಿದ್ಧ. ನಿಜಕ್ಕೂ ಇದ್ದಿದ್ದರೆ ಗಿರಾಕಿ ಇಲ್ಲಿಯ ತನಕ ಯಾಕೆ ಬರುತ್ತಿದ್ದ ಎಂಬ ನೈಯಾಯಿಕರ ಆಕ್ಷೇಪಕ್ಕೆ ಈವರೆಗೆ ಸಮಾಧಾನ ದೊರೆತಿಲ್ಲ. ಇನ್ನೊಂದು ಪಂಥದವರು ಪ್ರಚಾರವಾದಿಗಳು: ‘ಇದೊಂದು ಕಡಿಮೆಗೆ ಮಾಡಿಕೊಡಿ, ಇನ್ನೂ ಹತ್ತು ಕೆಲಸ ಕೊಡಿಸ್ತೀನಿ.’ ಮಾತಿಗೆ ತಪ್ಪುವವರಲ್ಲ, ಕೊಡಿಸುತ್ತಾರೆ. ಹತ್ತೂ ಅದೇ ರೇಟಿಗೆ.

ಶಾಸ್ತ್ರಾಧಾರಕ್ಕೆ ದೂರ ಹೋಗಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಬೆಳಕಿಗೆ ಬಂದದ್ದೇ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರ ಮೂರನೆಯ ಅಧಿಕರಣದ ಪ್ರಕಾರ, ಕೂಲಿ ಮೊದಲೇ ಮಾತಾಡಿಕೊಂಡಿದ್ದರೆ ಮಾತಾಡಿದಷ್ಟು. ಇಲ್ಲದಿದ್ದರೆ ಉಳುವವನಿಗೆ ಬೆಳೆಯಲ್ಲಿ, ದನ ಕಾಯುವವನಿಗೆ ತುಪ್ಪದಲ್ಲಿ ಹತ್ತರಲ್ಲೊಂದು ಪಾಲು. ಶಿಲ್ಪಿ, ವೈದ್ಯರಂಥವರಿಗೆ ಅದೇ ಕಸುಬಿನ ಇತರರಿಗೆ ಸಿಗುವಷ್ಟು, ಇಲ್ಲವೇ ಬಲ್ಲವರು ಗೊತ್ತುಮಾಡಿದಷ್ಟು.

ಕೋಡರ್ ಯಾವ ವರ್ಗ? ಗೋಪಾಲಕರ ಸಾಲಿಗೆ ಸೇರಿಸಿದರೆ ಸೀರೆ ಅಂಗಡಿಯ ಆನ್‌ಲೈನ್ ವ್ಯಾಪಾರದಲ್ಲಿ ಹತ್ತನೇ ಒಂದು ಭಾಗ ಅವನದಾಗಬೇಕು; ಅಂಗಡಿಯವರು ಒಪ್ಪರು. ಶಿಲ್ಪಿಗಳ ಸಾಲಿಗೆ ಸೇರಿಸಿದರೆ ‘ಇತರರಿಗೆ ಸಿಗುವಷ್ಟು’ ಎಂಬ ಸಂದಿಯಿಂದ ಬಾಮೈದ ಮತ್ತೆ ಒಳಗೆ ಬರುತ್ತಾನೆ. (ಕೆಲಸ ತಡವಾದರೆ ಕೂಲಿಯಲ್ಲಿ ಕಾಲು ಭಾಗ ಕಡಿತ, ಅದರ ಎರಡರಷ್ಟು ದಂಡ ಎಂದು ನಾಲ್ಕನೆಯ ಅಧಿಕರಣ ಹೇಳುತ್ತದೆ. ಗಿರಾಕಿಗಳು ಅಲ್ಲಿಯವರೆಗೆ ಓದಿಲ್ಲದಿರುವುದು ಈ ಕಸುಬಿನ ಪುಣ್ಯ.) ಉಳಿದವರು ‘ಬಲ್ಲವರು’. ಅವರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ.

ದಾವಣಗೆರೆಯ ಮನೆಯಲ್ಲೇ ಕೂತು ಕೆಲಸ ಮಾಡುವ ಕೋಡರೊಬ್ಬನಿಗೆ ತಿಂಗಳಿಗೆ 50,000 ರೂಪಾಯಿ ಉಳಿಯಬೇಕು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 6 ಲಕ್ಷ. ಲ್ಯಾಪ್‌ಟಾಪ್ ಸವಕಳಿ, ಇಂಟರ್‌ನೆಟ್, ಯುಪಿಎಸ್ ಬ್ಯಾಟರಿ, ಆರೋಗ್ಯ ವಿಮೆ, ಆಡಿಟರ್ ಫೀಸು ಎಂದು ಇನ್ನೊಂದು 1.2 ಲಕ್ಷ. ಭಾನುವಾರ, ಹಬ್ಬ, ಜ್ವರ, ನೆಂಟರ ಮದುವೆ ಕಳೆದರೆ 240 ದಿನ. ದಿನಕ್ಕೆ 8ರಂತೆ 1,920 ಗಂಟೆ. ಇದರಲ್ಲಿ ಅರ್ಧ ಫೋನಿಗೆ, ಕೊಟೇಶನ್ನಿಗೆ, ಬಾಕಿ ವಸೂಲಿಯ ಅಲೆದಾಟಕ್ಕೆ ಹೋಗುತ್ತದೆ. ಬಿಲ್ಲಿಗೆ ಸಿಗುವುದು 960 ಗಂಟೆ. 7.2 ಲಕ್ಷವನ್ನು ಅದರಿಂದ ಭಾಗಿಸಿದರೆ ಗಂಟೆಗೆ 750 ರೂಪಾಯಿ. 40 ಗಂಟೆಯ ಸೈಟಿಗೆ 30,000. ಬಾಮೈದನ ದರವನ್ನು ಅದೇ 40 ಗಂಟೆಗೆ ಹಂಚಿದರೆ 125. ಐದು ಡಾಲರಿನ ಕೆಲಸಗಳಿಂದಲೇ 2010ರಲ್ಲಿ ಶುರುವಾದ ಫೈವರ್ ಮೂಲಕ ಹೋಗುವವನು 938 ರೂಪಾಯಿ ಕೇಳಬೇಕು; ಗಳಿಕೆಯಲ್ಲಿ ಶೇ. 20 ಅದರ ಪಾಲು.

ನಲವತ್ತು ಗಂಟೆ ಎಲ್ಲಿ ಹೋಗುತ್ತದೆ ಎಂದು ಬಾಮೈದವಾದಿಗಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅಂಗಡಿಯ ಪರಿಚಯವನ್ನು ಮಾಲೀಕರು ಡಿಟಿಪಿ ಸೆಂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಕಳಿಸಿರುತ್ತಾರೆ. ಅದು ಯೂನಿಕೋಡ್ ಅಲ್ಲ. ಕಾಪಿ ಮಾಡಿ ಸೈಟಿಗೆ ಅಂಟಿಸಿದೊಡನೆ ಕನ್ನಡ ಮಾಯವಾಗಿ, ‘ನ’ ಇದ್ದಲ್ಲಿ ಪೌಂಡಿನ ಗುರುತು, ‘ಪ’ ಇದ್ದಲ್ಲಿ ಯೆನ್ನಿನ ಗುರುತು ಸಾಲುಗಟ್ಟುತ್ತವೆ. ಎಷ್ಟೋ ಕೋಡರುಗಳು ಜನ್ಮದಲ್ಲಿ ಕಾಣುವ ವಿದೇಶಿ ವಿನಿಮಯ ಇಷ್ಟೇ. ಅದನ್ನು ಕನ್ವರ್ಟರಿಗೆ ಹಾಕಿ, ಅರ್ಕಾವತ್ತು ಎಲ್ಲಿ ಜಾರಿದೆ, ಯಾವ ಒತ್ತಕ್ಷರ ಕಳಚಿದೆ ಎಂದು ಸಾಲು ಸಾಲು ತಿದ್ದುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಸೀರೆಗಳ ಫೋಟೊ ವಾಟ್ಸ್ಆ್ಯಪಿನಲ್ಲಿ ಕುಗ್ಗಿ ಬಂದಿರುತ್ತವೆ, ಜರಿಯಂಚು ಮಬ್ಬು. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಿ ಎಂದು ಬೇಡಬೇಕು. ಆಮೇಲೆ ‘ಲೋಗೊ ಚೂರು ದೊಡ್ಡದು ಮಾಡಿ’. ದೊಡ್ಡದಾದ ಮೇಲೆ ‘ಮೊದಲಿನದೇ ಚೆನ್ನಾಗಿತ್ತು’.

ಸಿದ್ಧಾಂತಪಕ್ಷ ಹೀಗಿದೆ. ಕೋಡಿನ ಸಾಲು ಎಣಿಸಿ ದರ ಹಾಕುವುದು ವ್ಯರ್ಥ. ಕೆಲಸದ ಎಲ್ಲೆಯನ್ನು ಕಾಗದದ ಮೇಲೆ ಬರೆಯದೆ ಯಾವ ದರವೂ ನ್ಯಾಯವಾಗದು. ಎಷ್ಟು ಪುಟ, ಎಷ್ಟು ಸುತ್ತು ತಿದ್ದುಪಡಿ, ಅದರಾಚೆಗೆ ಗಂಟೆಗೆಷ್ಟು, ಮ್ಯಾಟರ್ ಮತ್ತು ಫೋಟೊ ಯಾವ ತಾರೀಕಿನೊಳಗೆ ಬರಬೇಕು, ಅಡ್ವಾನ್ಸ್ ಎಷ್ಟು ಎಂಬುದು ಕೊಟೇಶನ್ನಿನಲ್ಲೇ ಇರಬೇಕು. ಡೊಮೈನ್ ಮಾತ್ರ ಮಾಲೀಕರ ಹೆಸರಲ್ಲೇ ಇರಲಿ. ಬಾಕಿ ವಸೂಲಿಗೆಂದು ಅದನ್ನು ಒತ್ತೆ ಇಟ್ಟುಕೊಳ್ಳುವ ಕೋಡರನ ಪರ ಈ ಪ್ರಬಂಧ ವಾದಿಸುವುದಿಲ್ಲ.

ಬಾಕಿಗೆ ಬೇರೆ ದಾರಿಯಿದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ, ನೋಂದಾಯಿತ ಕಿರು ಉದ್ಯಮಿಯ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ತಡೆಯುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೋಡರ್ ಉದ್ಯಮ್ ನೋಂದಣಿ ಮಾಡಿಸಿರಬೇಕು, ಅಷ್ಟೇ. ಅದು ಆನ್‌ಲೈನಿನಲ್ಲೇ ಆಗುತ್ತದೆ, ಶುಲ್ಕವಿಲ್ಲ.